12 ಕ್ಯಾಪ್ಟನ್‌ಗಳ ಜೆರ್ಸಿ: ಹಾಸನದ ಒಂದು ಪ್ರಿಂಟಿಂಗ್ ಅಂಗಡಿಯ ಬಗ್ಗೆ

ಹಾಸನದಲ್ಲಿ ಜೆರ್ಸಿ ಮೇಲೆ ಹೆಸರು, ನಂಬರ್ ಹಾಕಿಕೊಡುವ ಅಂಗಡಿಗಳಿಗೆ ಕೊರತೆ ಇಲ್ಲ. ಕ್ರಿಕೆಟ್ ಟೂರ್ನಮೆಂಟ್‌ಗಳ ಕಾಲದಲ್ಲಂತೂ ಫ್ಲೆಕ್ಸ್ ಮಾಡುವವರೂ ಜೆರ್ಸಿ ಆರ್ಡರ್ ತಗೊಳ್ಳುತ್ತಾರೆ. ಆದರೆ ಕೊಟ್ಟ ಪಟ್ಟಿಯನ್ನು ಕೂತು ಓದಿ, ಅನುಮಾನ ಬಂದ ಕಡೆ ಫೋನ್ ಮಾಡಿ ಕೇಳುವವರು ಬಹಳ ಕಡಿಮೆ. ಬಿ.ಎಂ. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅಂಥವರೊಬ್ಬರು ಸಿಕ್ಕರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಭಾನುವಾರ ಬೆಳಗ್ಗೆ ಆಡುವ ಫುಟ್‌ಬಾಲ್ ಗುಂಪು. ಮುಕ್ಕಾಲು ಜನ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು. ಈ ಸಲ ಹೊಸ ಜೆರ್ಸಿ ಮಾಡಿಸುವಾಗ ನಮ್ಮ ಹೆಸರು ಬೇಡ, ಒಬ್ಬೊಬ್ಬರ ಬೆನ್ನಿಗೂ ಯುನೈಟೆಡ್‌ನ ಒಬ್ಬೊಬ್ಬ ಕ್ಯಾಪ್ಟನ್ ಹೆಸರು ಹಾಕಿಸೋಣ, ಅದೂ ಕನ್ನಡದಲ್ಲಿ, ಅಂತ ತೀರ್ಮಾನವಾಯಿತು. ಆಡುವ 11 ಜನಕ್ಕೆ ಒಂದೊಂದು, ಲೈನ್ ಪಕ್ಕ ನಿಂತು ಕೂಗುವ ನಮ್ಮ ಕೋಚ್ ಅಣ್ಣನಿಗೆ ಇನ್ನೊಂದು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅಂತ ವಾಟ್ಸಾಪ್‌ನಲ್ಲಿ ದೊಡ್ಡ ಜಗಳವೇ ಆಯಿತು. ವಿಡಿಚ್ ಇಲ್ಲ ಅಂತ ನಮ್ಮ ಸ್ಟಾಪರ್ ಈಗಲೂ ಬೇಜಾರಲ್ಲಿದ್ದಾನೆ.

ಪಟ್ಟಿ ಕೊಟ್ಟು ಬಂದ ದಿನ ಸಂಜೆಯೇ ಅಂಗಡಿಯವರ ಫೋನ್ ಬಂತು. 'ಸರ್, ಎರಡು 7 ಇದೆ. ರಾಬ್ಸನ್ 7, ಕ್ಯಾಂಟೊನಾ 7. ಬೇಕೂಂತಲೇ ಕೊಟ್ಟಿದ್ದೀರಾ?' ಬೇರೆ ಕಡೆ ಆಗಿದ್ದರೆ ಎರಡನ್ನೂ ಸುಮ್ನೆ ಪ್ರಿಂಟ್ ಹಾಕಿ ಕೈಗೆ ಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ಇಬ್ಬರಿಗೂ 7 ಸಲ್ಲಬೇಕಾದದ್ದೇ. ಬ್ರಯಾನ್ ರಾಬ್ಸನ್ 1982ರಿಂದ 1994ರವರೆಗೆ ಕ್ಲಬ್ ಕ್ಯಾಪ್ಟನ್, ಯುನೈಟೆಡ್ ಚರಿತ್ರೆಯಲ್ಲಿ ಅಷ್ಟು ವರ್ಷ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿದವರು ಇನ್ನೊಬ್ಬರಿಲ್ಲ. 1983, 1985, 1990, ಹೀಗೆ ಮೂರು ಸಲ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಎತ್ತಿದವರು. ಕ್ಯಾಂಟೊನಾ ಪೂರ್ತಿ ಕ್ಯಾಪ್ಟನ್ ಆಗಿದ್ದು 1996-97ರ ಒಂದೇ ಸೀಸನ್. ಆದರೆ ಅದಕ್ಕೆ ಮುಂಚೆಯೇ 1996ರ ಎಫ್‌ಎ ಕಪ್ ಫೈನಲ್‌ನಲ್ಲಿ ಸ್ಟೀವ್ ಬ್ರೂಸ್ ಆಡದೇ ಇದ್ದಾಗ ತಂಡ ಮುನ್ನಡೆಸಿ, ಲಿವರ್‌ಪೂಲ್ ವಿರುದ್ಧ ಪಂದ್ಯದ ಒಂದೇ ಗೋಲನ್ನು ತಾನೇ ಹೊಡೆದು ಕಪ್ ಎತ್ತಿದ್ದು ಮರೆಯೋಕಾಗುತ್ತಾ?

ಕೊನೆಗೆ ದಾರಿ ಸಿಕ್ಕಿತು. 1993ರಲ್ಲಿ ಪ್ರೀಮಿಯರ್ ಲೀಗ್ ಒಬ್ಬೊಬ್ಬ ಆಟಗಾರನಿಗೆ ಇಡೀ ಸೀಸನ್‌ಗೆ ಒಂದೇ ನಂಬರ್ ಎಂಬ ಪದ್ಧತಿ ತಂದಾಗ 7 ಹೋಗಿದ್ದು ಕ್ಯಾಂಟೊನಾಗೆ, ರಾಬ್ಸನ್‌ಗೆ ಬಂದಿದ್ದು 12. ಹಾಗಾಗಿ ನಾವೂ ರಾಬ್ಸನ್‌ಗೆ 12 ಹಾಕಿಸಿದೆವು. ಅಂಗಡಿಯವರು ಕೇಳದೇ ಇದ್ದಿದ್ದರೆ ಇದು ಮೈದಾನದಲ್ಲೇ ಗೊತ್ತಾಗುತ್ತಿತ್ತು.

ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. 'ರಾಬರ್ಟ್ಸ್ ಮುಂದೆ ನಂಬರ್ ಬರೆದಿಲ್ಲವಲ್ಲ?' ಚಾರ್ಲಿ ರಾಬರ್ಟ್ಸ್ ಆಡಿದ ಕಾಲದಲ್ಲಿ ನಂಬರ್ ಅನ್ನುವುದೇ ಇರಲಿಲ್ಲ. ಇಂಗ್ಲಿಷ್ ಲೀಗ್‌ನಲ್ಲಿ ಬೆನ್ನ ಮೇಲೆ ನಂಬರ್ ಕಡ್ಡಾಯವಾಗಿದ್ದು 1939ರಲ್ಲಿ. ರಾಬರ್ಟ್ಸ್ ಯುನೈಟೆಡ್‌ಗೆ ಮೊದಲ ಲೀಗ್ ಗೆದ್ದುಕೊಟ್ಟಿದ್ದು 1908ರಲ್ಲಿ, ಮೊದಲ ಎಫ್‌ಎ ಕಪ್ 1909ರಲ್ಲಿ. ಅದೇ ವರ್ಷ ಆಟಗಾರರ ಸಂಘ ಬಿಟ್ಟು ಬನ್ನಿ ಅಂತ ಫುಟ್‌ಬಾಲ್ ಅಸೋಸಿಯೇಷನ್ ಒತ್ತಡ ಹಾಕಿದಾಗ ಯುನೈಟೆಡ್ ಆಟಗಾರರು ಬಗ್ಗಲಿಲ್ಲ, ಅಮಾನತಾದರೂ ಒಟ್ಟಿಗೆ ನಿಂತರು. ಮುಂದೆ ನಿಂತವರಲ್ಲಿ ರಾಬರ್ಟ್ಸ್ ಒಬ್ಬರು. ನನಗೆ ಈ 12 ಜನರಲ್ಲಿ ಜಾಸ್ತಿ ಗೌರವ ಇವರ ಮೇಲೆ. 1909ರ ಫೈನಲ್‌ನಲ್ಲಿ ಎದುರಾಳಿ ಬ್ರಿಸ್ಟಲ್ ಸಿಟಿಯದೂ ಕೆಂಪು ಅಂಗಿಯಾದ್ದರಿಂದ ಯುನೈಟೆಡ್ ಬಿಳಿ ಅಂಗಿಯ ಎದೆ ಮೇಲೆ ದೊಡ್ಡ ಕೆಂಪು 'ವಿ' ಇದ್ದ ಜೆರ್ಸಿ ಹಾಕಿತ್ತು. ಕೋಚ್ ಅಣ್ಣ ಹೇಗೂ ಮೈದಾನಕ್ಕೆ ಇಳಿಯಲ್ಲ, ಬಣ್ಣ ಬೇರೆಯಾದರೂ ತೊಂದರೆ ಇಲ್ಲ. ಅವರಿಗೆ ಅದೇ ಮಾಡಿಸಿದೆವು, ನಂಬರ್ ಇಲ್ಲದೆ.

ಈಗ ಕೆಲಸದ ವಿಷಯ. ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಸಬ್ಲಿಮೇಷನ್ ಪ್ರಿಂಟ್ ಚೆನ್ನಾಗಿ ಕೂರುತ್ತದೆ, ಬಣ್ಣ ನೂಲಿನೊಳಗೇ ಹೋಗುತ್ತದೆ. ಆದರೆ ಕೆಂಪು ಬಟ್ಟೆ ಮೇಲೆ ಬಿಳಿ ಅಕ್ಷರ ಆ ರೀತಿ ಬರುವುದಿಲ್ಲ. ಅದಕ್ಕೆ ವಿನೈಲ್ ಹಾಳೆ ಕತ್ತರಿಸಿ, ಹೀಟ್ ಪ್ರೆಸ್‌ನಲ್ಲಿ ಅಂಟಿಸಬೇಕು. ಅಂಗಡಿಯವರು ಇದನ್ನು ಮೊದಲೇ ಬಿಡಿಸಿ ಹೇಳಿದರು. ಬೆಲೆ ಏಕೆ ಬೇರೆ ಬೇರೆ ಅನ್ನುವುದೂ ಆಗ ಅರ್ಥವಾಯಿತು. ಕೆಂಪು ಜೆರ್ಸಿ ಹೆಸರು, ನಂಬರ್ ಸೇರಿ 380 ರೂಪಾಯಿ, ಬಿಳಿಯದು 450.

ಕನ್ನಡ ಅಕ್ಷರದ ಕೆಲಸ ನೋಡುವುದಕ್ಕೇ ಒಂದು ಸಲ ಹೋಗಬೇಕು. ನಾವು ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರುಗಳು ಅವರ ಕೋರಲ್‌ಡ್ರಾದಲ್ಲಿ ಒಡೆದುಹೋಗಿದ್ದವು, ಒತ್ತಕ್ಷರ ಎಲ್ಲೋ, ಅಕ್ಷರ ಎಲ್ಲೋ. ಅವರು ಒಂದೊಂದನ್ನೂ 'ನುಡಿ' ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಿದರು. 'ಚಾರ್ಲ್ಟನ್' ಅಂತೂ ಎಲ್ಲರ ತಲೆ ತಿಂದಿತು. ಲಕಾರ, ಅದರ ಕೆಳಗೆ ಟಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು, ಆಮೇಲೆ 'ನ್'. ಮೆಷಿನ್ ಕತ್ತರಿಸಿದ ಮೇಲೆ ಬೇಡದ ವಿನೈಲ್ ಚೂರುಗಳನ್ನು ಕೈಯಿಂದಲೇ ತೆಗೆಯಬೇಕು. ಅಲ್ಲಿ ಕೆಲಸ ಮಾಡುವ ಹುಡುಗ ಒತ್ತಕ್ಷರದ ಒಳಗಿನ ಸಾಸಿವೆ ಕಾಳಿನಷ್ಟು ಚೂರನ್ನು ಬ್ಲೇಡ್ ತುದಿಯಲ್ಲಿ ಮೀಟಿ, ಚಿಮುಟದಲ್ಲಿ ಹಿಡಿದು ಎತ್ತುತ್ತಿದ್ದ. ಒಮ್ಮೆ ಒತ್ತೇ ಕಿತ್ತು ಬಂತು. ಮಾತಾಡದೆ ಇಡೀ ಹೆಸರನ್ನು ಹೊಸದಾಗಿ ಕತ್ತರಿಸಿದ. ಬಾಬಿ ಚಾರ್ಲ್ಟನ್, ನಂಬರ್ 9, 1968ರ ಮೇ 29ರಂದು ವೆಂಬ್ಲಿಯಲ್ಲಿ ಬೆನ್‌ಫಿಕಾ ವಿರುದ್ಧ 4-1ರಲ್ಲಿ ಗೆದ್ದು ಯುನೈಟೆಡ್‌ಗೆ ಮೊದಲ ಯುರೋಪಿಯನ್ ಕಪ್ ತಂದ ಕ್ಯಾಪ್ಟನ್, ಎರಡು ಗೋಲು ಅವರದ್ದೇ. ಅಂಥವರ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿದ್ದರೆ ನಾನು ಆ ಜೆರ್ಸಿ ತಗೊಳ್ಳುತ್ತಿರಲಿಲ್ಲ.

ಲೆಫ್ಟ್ ಬ್ಯಾಕ್ ಹುಡುಗನಿಗೆ ರೋಜರ್ ಬರ್ನ್, 3. 1956, 1957 ಸತತ ಎರಡು ಲೀಗ್ ಗೆದ್ದ ಕ್ಯಾಪ್ಟನ್, 1958ರ ಫೆಬ್ರವರಿ 6ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 28. ಇನ್ನೆರಡು ದಿನಕ್ಕೆ ಅವರ ಹುಟ್ಟುಹಬ್ಬ ಇತ್ತು. ಈ ಕಥೆ ಕೇಳಿದ ಮೇಲೆ ಆ ಹುಡುಗ ನಂಬರ್ ಬದಲಾಯಿಸಿಕೊಳ್ಳಲು ಯಾರಿಗೂ ಬಿಡುತ್ತಿಲ್ಲ.

ಗೋಲ್‌ಕೀಪರ್‌ಗೆ ಪೀಟರ್ ಷ್ಮೈಕಲ್, 1. ರೆಗ್ಯುಲರ್ ಕ್ಯಾಪ್ಟನ್ ಅಲ್ಲವಲ್ಲ ಅಂತ ಕೆಲವರು ಕೇಳಿದರು. 1999ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಯುವೆಂಟಸ್ ವಿರುದ್ಧ ಟ್ಯೂರಿನ್‌ನಲ್ಲಿ 0-2 ಹಿಂದಿದ್ದಾಗ ಮೊದಲ ಗೋಲು ಹೊಡೆದು ತಂಡ ಎಬ್ಬಿಸಿದ್ದು ಕ್ಯಾಪ್ಟನ್ ರಾಯ್ ಕೀನ್. ಅದೇ ಪಂದ್ಯದಲ್ಲಿ ಹಳದಿ ಕಾರ್ಡ್ ಸಿಕ್ಕಿ ಫೈನಲ್ ಆಡುವಂತಿರಲಿಲ್ಲ. ಬಾರ್ಸಿಲೋನಾದಲ್ಲಿ ಬಯರ್ನ್ ವಿರುದ್ಧ ಕ್ಯಾಪ್ಟನ್ ಆಗಿ ಇಳಿದಿದ್ದು ಷ್ಮೈಕಲ್, ಯುನೈಟೆಡ್‌ಗೆ ಅವರ ಕೊನೆಯ ಪಂದ್ಯ ಅದು. ಕೀನ್ 16 ಕೂಡ ನಮ್ಮ ತಂಡದಲ್ಲಿದೆ, ಮಿಡ್‌ಫೀಲ್ಡ್‌ನಲ್ಲಿ ಓಡಿ ಓಡಿ ಸಾಯುವವನಿಗೆ.

ಉಳಿದವರು: ಜಾನಿ ಕ್ಯಾರಿ 2, ಬ್ರೂಸ್ 4, ಮಾರ್ಟಿನ್ ಬುಕನ್ 6, ಬ್ರೂನೊ 8, ರೂನಿ 10. ಬುಕನ್ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ಆದರೆ 1970ರಲ್ಲಿ ಅಬರ್ಡೀನ್ ಜೊತೆ ಸ್ಕಾಟಿಷ್ ಕಪ್, 1977ರಲ್ಲಿ ಯುನೈಟೆಡ್ ಜೊತೆ ಎಫ್‌ಎ ಕಪ್, ಎರಡನ್ನೂ ಕ್ಯಾಪ್ಟನ್ ಆಗಿ ಎತ್ತಿದ ಮೊದಲಿಗ ಅವರೇ.

ಕ್ಲಬ್ ಲೋಗೋ ಹಾಕಿಕೊಡಿ ಅಂದಾಗ ಅಂಗಡಿಯವರು ಒಪ್ಪಲಿಲ್ಲ. 'ಅದು ಅವರದ್ದು, ನಾನು ಹಾಕಲ್ಲ' ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ನನಗದು ಇಷ್ಟವಾಯಿತು.

ಸಕಲೇಶಪುರದ ಕಡೆಯ ಒಂದು ಎಸ್ಟೇಟ್ ಮೈದಾನದಲ್ಲಿ ಮಳೆಯಲ್ಲೇ ಆಡಿ ಬಂದೆವು. ಕೆಂಪು ಮಣ್ಣು, ಪೂರ್ತಿ ಕೆಸರು. ಒಗೆದ ಮೇಲೆ ಕೀನ್ ಜೆರ್ಸಿಯ 16ರಲ್ಲಿ 6ರ ಅಂಚು ಸ್ವಲ್ಪ ಎದ್ದಿತ್ತು. ತಗೊಂಡು ಹೋದರೆ ಬಟರ್ ಪೇಪರ್ ಇಟ್ಟು ಮತ್ತೆ ಪ್ರೆಸ್ ಮಾಡಿದರು, ದುಡ್ಡು ಕೇಳಲಿಲ್ಲ. ಉಳಿದವೆಲ್ಲ ಗಟ್ಟಿಯಾಗಿವೆ. ಒಳಮೈ ಹೊರಗೆ ಮಾಡಿ ಒಗೆಯಿರಿ, ಬ್ರಷ್ ಹಾಕಬೇಡಿ, ಅಕ್ಷರದ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ.

ಸರಿಯಾಗದೇ ಇದ್ದದ್ದು ಕ್ಯಾಪ್ಟನ್ ಆರ್ಮ್‌ಬ್ಯಾಂಡ್. ಎಲಾಸ್ಟಿಕ್ ಸಡಿಲ, ಹತ್ತು ನಿಮಿಷ ಓಡಿದರೆ ಮೊಣಕೈಗೆ ಇಳಿಯುತ್ತದೆ. 60 ರೂಪಾಯಿ ದಂಡ. ಅದನ್ನು ಸ್ಪೋರ್ಟ್ಸ್ ಅಂಗಡಿಯಲ್ಲಿ ವೆಲ್‌ಕ್ರೋ ಇರುವುದು ನೋಡಿ ತಗೊಳ್ಳಿ. ಹೇಳಿದ ದಿನಕ್ಕಿಂತ ಎರಡು ದಿನ ತಡವೂ ಆಯಿತು, ಕರೆಂಟ್ ಇಲ್ಲದಿದ್ದರೆ ಹೀಟ್ ಪ್ರೆಸ್ ನಡೆಯಲ್ಲ. ಬೇಲೂರು, ಹೊಳೆನರಸೀಪುರ ಕಡೆಯಿಂದ ಬರುವವರು ಆಗಿದೆಯಾ ಅಂತ ಫೋನ್‌ನಲ್ಲಿ ಕೇಳಿಕೊಂಡೇ ಬಸ್ ಹತ್ತಿ. ಅರ್ಧ ದುಡ್ಡು ಅಡ್ವಾನ್ಸ್ ಕೊಡಬೇಕು, ಉಳಿದಿದ್ದನ್ನು ಜೆರ್ಸಿ ಕೈಗೆ ಬಂದ ಮೇಲೆ ಕೊಟ್ಟರೆ ಸಾಕು.