ಜೇಕು ಕೀಳೋಕೆ ಹೇಳಿ ಮಾಡಿಸಿದ ಖುರ್ಪಿ

30*40 ಸೈಟಲ್ಲಿ ಮನೆ ಕಟ್ಟಿ ಕಾಂಪೌಂಡ್ ಪಕ್ಕ ಒಂಚೂರು ಮಣ್ಣು ಬಿಟ್ಕೊಂಡಿರೋ ಬೆಂಗಳೂರಿನವರೆಲ್ಲ ಇದನ್ನ ಓದಿ. ಮಳೆ ಬಿದ್ರೆ ಸಾಕು, ದುಡ್ಡು ಕೊಟ್ಟು ತಂದ ಗುಲಾಬಿ ಮುಖ ಊದಿಸ್ಕೊಂಡು ನಿಂತಿರುತ್ತೆ, ಈ ಜೇಕು ಅನ್ನೋ ಹುಲ್ಲಿನಂಥ ಕಳೆ ಮಾತ್ರ ಅಡ್ವಾನ್ಸೂ ಇಲ್ಲ ಬಾಡಿಗೆನೂ ಇಲ್ಲ, ಮಕ್ಕಳು ಮರಿ ಸಮೇತ ಒಕ್ಕಲು ಬಂದುಬಿಟ್ಟಿರುತ್ತೆ.

ಅದನ್ನ ಕೀಳೋಕೆ ಅಂತ ಈ ಖುರ್ಪೀನ, ಅಂದ್ರೆ ಕೈಲಿ ಹಿಡಿದು ಕಳೆ ಕೀಳೋ ಸಲಕರಣೆನ, ಕೆ.ಆರ್. ಮಾರ್ಕೆಟ್ ಹತ್ರ ಒಂದು ಕಬ್ಬಿಣದ ಸಾಮಾನಿನ ಅಂಗಡೀಲಿ 180 ರೂಪಾಯಿಗೆ ತಗೊಂಡೆ. ಎರಡು ಬೆರಳಗಲದ ಉದ್ದ ಪಟ್ಟಿ, ಮರದ ಹಿಡಿ, ಹಿಡಿ ಸೀಳದೇ ಇರಲಿ ಅಂತ ಕುತ್ತಿಗೆಗೆ ಕಬ್ಬಿಣದ ಬಳೆ. ಆನ್‌ಲೈನಲ್ಲಿ ಬರೋ ಬಣ್ಣಬಣ್ಣದ ಗಾರ್ಡನ್ ಕಿಟ್ಟಲ್ಲಿರೋದು ಅಗಲ ಜಾಸ್ತಿ, ನಮ್ಮ ಕೆಂಪು ಮಣ್ಣಿಗೆ ಹಾಕಿ ಮೀಟಿದ್ರೆ ಬಗ್ಗೋಗುತ್ತೆ.

ಜೇಕಿನ ಜೀವ ಇರೋದು ಗಡ್ಡೇಲಿ. ತಿಂಗಳಿಗೊಮ್ಮೆ ಬರೋ ಮಾಲಿ ಮೇಲ್ಮೇಲೆ ಸವರಿ ಹೋಗ್ತಿದ್ರು, ವಾರದೊಳಗೆ ಇನ್ನೂ ಒತ್ತಾಗಿ ಬರೋದು. ಈ ಖುರ್ಪೀನ ಬುಡದ ಪಕ್ಕದಲ್ಲಿ ನೆಟ್ಟಗೆ ಇಳಿಸಿ ಹಿಂದಕ್ಕೆ ಮೀಟಿ, ಮಣ್ಣು ಸಡಿಲ ಆದಮೇಲೆ ನಿಧಾನ ಎಳೀರಿ, ಕಡ್ಲೆಕಾಳಿನಷ್ಟು ಕಪ್ಪು ಗಡ್ಡೆ, ಅದರಿಂದ ತಂತಿ ಥರದ ಬೇರು, ಅದರ ತುದೀಲಿ ಇನ್ನೊಂದು ಗಡ್ಡೆ, ಹಿಂಗೆ ಸರ ಸರವಾಗಿ ಎದ್ದು ಬರುತ್ತೆ ನೋಡಿ, ಎಂಥಾ ಖುಷಿ ಗೊತ್ತಾ! ಮಧ್ಯೆ ಕಿತ್ಹೋದ್ರೆ ಬಿಡಬೇಡಿ, ಒಳಗೆ ಉಳಿದ ಗಡ್ಡೆ ಮತ್ತೆ ಚಿಗುರುತ್ತೆ. ಅಂದಹಾಗೆ ಗಡ್ಡೆ ಮುರಿದು ಮೂಸಿ ನೋಡಿ, ಘಮ್ಮಂತ ಇರುತ್ತೆ, ಗ್ರಂಥಿಗೆ ಅಂಗಡೀಲಿ ಭದ್ರಮುಷ್ಟಿ ಅಂತ ಕಾಸು ಕೊಟ್ಟು ತರೋದು ಇದನ್ನೇ!

ಪಕ್ಕದ್ಮನೆ ಅಂಕಲ್ಲು 'ಸುಮ್ನೆ ಔಷಧಿ ಹೊಡೀರಿ ಮೇಡಂ' ಅಂತಾರೆ. ಅದೇ ಮಣ್ಣಲ್ಲಿ ಕರಿಬೇವು ದೊಡ್ಡಪತ್ರೆ ಇದೆ ಅಂಕಲ್, ನಾಳೆ ಸಾರಿಗೆ ಹಾಕೋರು ನಾವೇ.

ಕಾಂಗ್ರೆಸ್ ಗಿಡಕ್ಕೆ ಖುರ್ಪಿ ಅಗತ್ಯ ಅಷ್ಟಿಲ್ಲ, ನೆಲ ಒದ್ದೆ ಇದ್ರೆ ಕೈಲೇ ಬರುತ್ತೆ. ಆದ್ರೆ ಗ್ಲೌಸ್ ಹಾಕ್ಲೇಬೇಕು, ಎಷ್ಟೋ ಜನಕ್ಕೆ ಮೈ ತುರಿಕೆ, ಉಬ್ಬಸ ಎಲ್ಲ ಬರುತ್ತೆ, ಮತ್ತೆ ಹೂ ಬಿಡೋ ಮುಂಚೆ ಕೀಳ್ಬೇಕು, ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಅದರೆಲೆ ಮೇಲೆ ಬಿಳಿ ಮೈ ಕಂದು ಗೆರೆಯ ಪುಟ್ಟ ದುಂಬಿ ಕಂಡ್ರೆ ದಯವಿಟ್ಟು ಸಾಯಿಸ್ಬೇಡಿ. ಈ ಗಿಡ ತಿನ್ಲಿ ಅಂತಾನೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ನಮ್ಮ ಬೆಂಗಳೂರಲ್ಲೇ ಬಿಟ್ಟ ಜಾತಿ ಅದು, ನಮ್ಮ ಪರವಾಗಿ ಸಂಬಳ ಇಲ್ಲದೆ ದುಡೀತಿದೆ.

ಖುರ್ಪೀಲಿ ಕೊರತೆ ಅಂದ್ರೆ ಹಿಡಿ ಸ್ವಲ್ಪ ಒರಟು, ಸ್ಯಾಂಡ್‌ಪೇಪರ್ ಉಜ್ಜಿ ಎಣ್ಣೆ ಸವರಿದ್ರೆ ಸರಿಹೋಗುತ್ತೆ. ನೇತುಹಾಕೋಕೆ ತೂತು ಇಲ್ಲ. ಒಣಗಿದ ನೆಲದಲ್ಲಿ ಇಳಿಯಲ್ಲ, ಹಿಂದಿನ ದಿನ ಸಂಜೆ ನೀರು ಬಿಟ್ಟಿರಿ. ಐದಕ್ಕೆ ನಾಲ್ಕೂವರೆ ಸ್ಟಾರ್. ತಗೊಳೋವಾಗ ಪಟ್ಟಿ ಹಿಡಿಯೊಳಗೆ ಅಲ್ಲಾಡುತ್ತಾ ಅಂತ ಅಲ್ಲೇ ಅಲುಗಿಸಿ ನೋಡಿ ತಗೊಳ್ಳಿ.