ಕೇಳಿದ್ದನ್ನೆಲ್ಲ ಕೊಡದ ದನದ ಔಷಧಿ ಅಂಗಡಿ

ಕೋಲಾರದ ಡೂಂಲೈಟ್ ಸರ್ಕಲ್‌ನಿಂದ ಸ್ವಲ್ಪ ಒಳಗೆ, ಬೂಸಾ ಅಂಗಡಿ ಪಕ್ಕದಲ್ಲಿದೆ. ಬೋರ್ಡು ಬಿಸಿಲಿಗೆ ಮಾಸಿಹೋಗಿದೆ. ಗಲ್ಲಾಪೆಟ್ಟಿಗೆ ಮೇಲೆ ರಣಹದ್ದಿನ ಫೋಟೊ ಅಂಟಿಸಿದ್ದರೆ ಅದೇ ಅಂಗಡಿ.

ಸೀಮೆಹಸು ಸಾಕುವ ನಮ್ಮಂಥವರಿಗೆ ಬೇಕಾದ್ದೆಲ್ಲ ಸಿಗುತ್ತದೆ. ಮಿನರಲ್ ಮಿಕ್ಸ್ಚರ್, ಜಂತಿನ ಔಷಧಿ, ಉಣ್ಣೆ ಹುಳಕ್ಕೆ ಹಾಕುವ ಔಷಧಿ, ಕೆಚ್ಚಲು ಬಾವಿಗೆ ಟ್ಯೂಬು. ರೇಟು ಬೇರೆ ಕಡೆಗಿಂತ ಕಮ್ಮಿಯೇನಲ್ಲ. ಒಂದು ಪಕ್ಕ ಮನುಷ್ಯರ ಔಷಧಿಯೂ ಇಟ್ಟಿದ್ದಾರೆ.

ಆದರೆ ಹಸುವಿಗೆ ಅಂತ ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಕೇಳಿದರೆ ಸುತಾರಾಂ ಕೊಡುವುದಿಲ್ಲ. ದನಗಳಿಗೆ ಅದು 2006ರಲ್ಲೇ ನಿಷೇಧವಾಗಿದೆ. ಆಮೇಲೂ ಜನ ಮನುಷ್ಯರ ದೊಡ್ಡ ಬಾಟಲಿ ತಂದು ಚುಚ್ಚುತ್ತಿದ್ದರು. 2015ರಲ್ಲಿ ಅದನ್ನೂ ನಿಲ್ಲಿಸಿ, ಒಂದು ಸಲಕ್ಕಾಗುವ 3 ಮಿ.ಲೀ. ಮಾತ್ರ ಎಂದರು. ನಾನಿದ್ದಾಗಲೇ ಒಬ್ಬ ಹುಡುಗ ಬಂದು "ಚಿಕ್ಕವೇ ನಾಲ್ಕೈದು ಕೊಡಿ ಅಣ್ಣ, ಸೇರಿಸಿ ಹಾಕ್ಕೋತೀವಿ" ಎಂದ. ಅಂಗಡಿ ಅಣ್ಣ ತಲೆ ಎತ್ತದೆ, "ನೋವು ಯಾರಿಗಪ್ಪಾ? ಅವರನ್ನೇ ಕರ್ಕೊಂಡು ಬಾ" ಎಂದರು.

ಬದಲಿಗೆ ಮೆಲಾಕ್ಸಿಕಾಂ ಕೊಡುತ್ತಾರೆ. ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ ಡಾಕ್ಟರೂ ಅದನ್ನೇ ಬರೆದಿದ್ದರು. ಜ್ವರ ಇಳಿಯಿತು, ಮೇವು ಮುಟ್ಟಿತು. ಅಸಿಕ್ಲೋಫಿನಾಕ್ ಕೇಳುವವರಿಗೂ ಇಲ್ಲ ಎನ್ನುತ್ತಾರೆ. ಅದು ಹಸುವಿನ ಮೈಯೊಳಗೆ ಹೋಗಿ ಡೈಕ್ಲೋಫಿನಾಕೇ ಆಗಿಬಿಡುತ್ತದಂತೆ. 2023ರಲ್ಲಿ ಅದನ್ನೂ ಕೀಟೋಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಔಷಧಿಯನ್ನೂ ದನಗಳಿಗೆ ನಿಷೇಧಿಸಿದರು.

ಇಷ್ಟೆಲ್ಲ ಯಾಕೆ ಅಂದರೆ, ಈ ನಿಷೇಧವಾದ ಔಷಧಿ ಹಾಕಿಸಿಕೊಂಡ ಹಸು ಸತ್ತರೆ ಅದರ ಮಾಂಸ ತಿಂದ ರಣಹದ್ದಿಗೆ ಕಿಡ್ನಿ ಹೋಗುತ್ತದೆ. ಒಂದು ಹೆಣಕ್ಕೆ ಗುಂಪೇ ಇಳಿಯುತ್ತದೆ ಅಲ್ವಾ, ಸಾಯುವುದೂ ಹಾಗೇ. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷದಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಈಗ ಹರಿಯಾಣದ ಪಿಂಜೋರ್‌ನಲ್ಲಿ ಸಾಕಿ ಮರಿ ಮಾಡಿಸಿ ಕಾಡಿಗೆ ಬಿಡುತ್ತಿದ್ದಾರೆ. ಬಿಡುವ ಮೊದಲು ಸುತ್ತ ನೂರು ಕಿಲೋಮೀಟರಿನಲ್ಲಿ ಈ ಔಷಧಿ ಇರಬಾರದು ಅಂತ ನೋಡುತ್ತಾರೆ. ಗಿರಾಕಿಗಳ ಹಾಗೆ ಔಷಧಿ ಅಂಗಡಿಗೇ ಹೋಗಿ ಕೇಳಿ ಪರೀಕ್ಷೆ ಮಾಡುವುದೂ ಉಂಟು. ನಮಗೆ ಹತ್ತಿರದ ರಣಹದ್ದು ಧಾಮ ರಾಮನಗರದ ರಾಮದೇವರ ಬೆಟ್ಟ, 2012ರದ್ದು. ಹಾರುವ ಹಕ್ಕಿಗೆ ಕೋಲಾರವೇನು ದೂರವಲ್ಲ. ಹಕ್ಕಿ ಹೆಸರಲ್ಲಿ ಡಬ್ಬಿ ಇಟ್ಟು ಚಿಲ್ಲರೆ ಕೇಳುವ ಅಂಗಡಿಗಳಿವೆ. ಈ ಅಣ್ಣ ಬಂದ ವ್ಯಾಪಾರವನ್ನೇ ಬಿಡುತ್ತಾರೆ. ನನಗೆ ಇದೇ ದೊಡ್ಡದು ಅನ್ನಿಸುತ್ತದೆ.

ಬೇಜಾರಿನ ವಿಷಯವೂ ಇದೆ. ಸಾಲ ಇಲ್ಲ, ಡೇರಿ ಬಟವಾಡೆ ಆಗುವವರೆಗೂ ತಡೆಯುವುದಿಲ್ಲ. ಮಾತು ಶುರುವಾದರೆ ಸಂಜೆ ಹಾಲು ಕರೆಯುವ ಹೊತ್ತು ಮೀರುತ್ತದೆ. ಮೆಲಾಕ್ಸಿಕಾಂ ಒಂದೊಂದು ಸಲ ಖಾಲಿ. "ನಾಳೆ ಬರುತ್ತಮ್ಮ" ಎಂದರೆ ಜ್ವರ ಬಂದ ಹಸು ಕಾಯುತ್ತಾ? ಹೋಗುವ ಮೊದಲು ಫೋನ್ ಮಾಡಿ ಕೇಳಿ. ಡಾಕ್ಟರ್ ಚೀಟಿ ಇಲ್ಲದೆ ಇಂಜೆಕ್ಷನ್ ಕೊಡುವುದಿಲ್ಲ, ವಾಟ್ಸಾಪ್‌ನಲ್ಲಿ ಚೀಟಿಯ ಫೋಟೊ ತೋರಿಸಿದರೂ ನಡೆಯುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತಾರೆ.