ಮೂರು ವರ್ಷ ಬಳಸಿದ ಆಡಿಯೋ ಇಂಟರ್‌ಫೇಸ್: ಕೆಂಪು ದೀಪವನ್ನು ನಂಬಬೇಡಿ

ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಈ ಪುಟ್ಟ ಯುಎಸ್‌ಬಿ ಡಬ್ಬಿ ತಗೊಂಡು ಮೂರು ವರ್ಷವಾಯಿತು. ಇನ್ನೂರಕ್ಕೂ ಜಾಸ್ತಿ ಕ್ಯಾಸೆಟ್ ಇಳಿಸಿದ್ದೇನೆ. ಡಬ್ಬಿ ಚೆನ್ನಾಗಿದೆ. ಸದ್ದು ಮಿತಿ ಮೀರಿದರೆ ಎಚ್ಚರಿಸಬೇಕಾದ ಅದರ ಕೆಂಪು ದೀಪ ಮಾತ್ರ ದಂಡ.

ಮೊದಲ ತಿಂಗಳ ಕಥೆ ಕೇಳಿ. ಅಜ್ಜಿ ಜೋರಾಗಿ ನಕ್ಕ ಕಡೆಯೆಲ್ಲ ಸದ್ದು ಕರಕರ ಅನ್ನುತ್ತಿತ್ತು. ಟೇಪೇ ಹಾಳಾಗಿದೆ ಅಂದುಕೊಂಡೆ. ಡೆಕ್‌ಗೆ ಹೆಡ್‌ಫೋನ್ ಹಾಕಿ ಕೇಳಿದರೆ ನಗು ಸರಿಯಾಗಿಯೇ ಇದೆ! ಸಾಫ್ಟ್‌ವೇರ್‌ನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿದೆ. ಅಲೆಯ ತುದಿಗಳೆಲ್ಲ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ಅದೂ ಡಿಜಿಟಲ್‌ನ ಗರಿಷ್ಠ ಮಟ್ಟವಾದ ಸೊನ್ನೆ ಡೆಸಿಬೆಲ್‌ನಲ್ಲಲ್ಲ, ಮೈನಸ್ 2ರಲ್ಲೇ. ಅಂದರೆ ಡಿಜಿಟಲ್ ಆಗುವ ಮೊದಲೇ, ಒಳಗಿನ ಆಂಪ್ಲಿಫೈಯರ್‌ನಲ್ಲೇ ಸಿಗ್ನಲ್ ಕ್ಲಿಪ್ ಆಗಿದೆ, ಅಂದರೆ ಮಿತಿ ಮೀರಿ ತುದಿ ಕತ್ತರಿಸಿಹೋಗಿದೆ. ದೀಪ ಹೊತ್ತುವುದು ಸೊನ್ನೆ ಮುಟ್ಟಿದಾಗ. ಇದು ಅಲ್ಲಿಯವರೆಗೆ ಹೋಗುವುದೇ ಇಲ್ಲ! ಮೂರು ವರ್ಷದಲ್ಲಿ ಆ ದೀಪ ಒಮ್ಮೆಯೂ ಹೊತ್ತಿಲ್ಲ. ಹೀಗೆ ಹೋದ ತುದಿ ಹೋಯಿತು. ರಿಪೇರಿ ಸಾಫ್ಟ್‌ವೇರ್ ಊಹೆ ಮಾಡಿ ತುಂಬುತ್ತದೆ, ಅಷ್ಟೆ. ಹನ್ನೊಂದು ಕ್ಯಾಸೆಟ್ ಮತ್ತೆ ಇಳಿಸಿದೆ. ಈಗ ಎಷ್ಟೇ ಜೋರಿನ ಜಾಗವಾದರೂ ಮೈನಸ್ 12 ದಾಟದಂತೆ ಗೇನ್ (ಒಳಬರುವ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಇಡುತ್ತೇನೆ.

ಅಷ್ಟು ಕಡಿಮೆ ಇಟ್ಟರೆ ಕ್ವಾಂಟೈಸೇಷನ್ ದೋಷ ಜಾಸ್ತಿಯಾಗುತ್ತಲ್ವಾ ಅಂತ ನನಗೂ ಭಯವಿತ್ತು. ಸಿಗ್ನಲ್ಲಿನ ಅಳತೆಯನ್ನು ಹತ್ತಿರದ ಮೆಟ್ಟಿಲಿಗೆ ಕೂರಿಸುವಾಗ ಉಳಿಯುವ ಚೂರು ವ್ಯತ್ಯಾಸವೇ ಆ ದೋಷ. 16 ಬಿಟ್‌ನಲ್ಲಿ 65,536 ಮೆಟ್ಟಿಲು, 24ರಲ್ಲಿ 1,67,77,216. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಲೆಕ್ಕ ಹಾಕಿದರೆ, 12 ಡೆಸಿಬೆಲ್ ಬಿಟ್ಟುಕೊಟ್ಟಾಗ ಹೋಗುವುದು ಎರಡೇ ಬಿಟ್. 24 ಬಿಟ್‌ನಲ್ಲಿ ಇಳಿಸುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಕೊನೆಗೆ 16 ಬಿಟ್‌ಗೆ ಇಳಿಸುವಾಗ ಆ ಸದ್ದೇ ಡಿದರ್ (ಮೆಟ್ಟಿಲಿನ ದೋಷ ಕಿವಿಗೆ ಚುಚ್ಚದಂತೆ ಬೆರೆಸುವ ಚೂರು ಸದ್ದು) ಕೆಲಸವನ್ನೂ ಮಾಡಿಬಿಡುತ್ತದೆ. ಸುಮ್ನೆ ನಿದ್ದೆ ಕೆಡಿಸಿಕೊಂಡಿದ್ದೆ.

ಏಲಿಯಾಸಿಂಗ್ (ಅಳತೆಗೆ ಸಿಗದಷ್ಟು ಎತ್ತರದ ಸ್ವರ ಕೆಳಗಿನ ಸುಳ್ಳು ಸ್ವರವಾಗಿ ಬರುವುದು) ತೊಂದರೆ ಇಲ್ಲ. ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದನ್ನು) 44,100 ಹರ್ಟ್ಸ್‌ನಲ್ಲಿ ಇಟ್ಟು 30,000 ಹರ್ಟ್ಸ್ ಸ್ವರ ಕೊಟ್ಟು ನೋಡಿದೆ. ಅಂಥ ಸ್ವರ ತಡೆಯುವ ಫಿಲ್ಟರ್ ಕೆಟ್ಟದಾಗಿದ್ದರೆ ಅದು ಮಡಚಿಕೊಂಡು 14,100ರಲ್ಲಿ ಕೀಚ್ ಅನ್ನಬೇಕು. ಏನೂ ಬರಲಿಲ್ಲ.

ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದರೆ ನಡುವೆ ಟಿಕ್ ಟಿಕ್ ಬರುತ್ತದೆ, ಸ್ಯಾಂಪಲ್‌ಗಳು ಬಿಟ್ಟುಹೋಗುತ್ತವೆ. ನೇರವಾಗಿ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ.

ಐದಕ್ಕೆ ನಾಲ್ಕು ಸ್ಟಾರ್. ಗೇನ್ ತಿರುಪು ಈಚೆಗೆ ಸಡಿಲವಾಗಿದೆ, ತಾನೇ ಜಾರುತ್ತದೆ. ಮೈನಸ್ 12 ಸಿಗುವ ಜಾಗಕ್ಕೆ ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಂಡಿದ್ದೇನೆ.